ಟೈಮಿಂಗ್ ಚಾಲನೆ: ಚೈನು, ಬೆಲ್ಟು, ಗೇರುಗಳಲ್ಲಿ ಆಯ್ಕೆ ಹೇಗೆ?

ವಾಹನಗಳ ಬಿಡಿಭಾಗಗಳ ವ್ಯಾಪಾರದಲ್ಲಿರುವವರಿಗೆ ಈ ಮಾತು ಹೊಸದೇನಲ್ಲ: “ಇರುವುದರಲ್ಲಿ ಗಟ್ಟಿಯಾದದ್ದು ಕೊಡಿ, ಬೆಲೆ ಹೆಚ್ಚಾದರೂ ಪರವಾಗಿಲ್ಲ.” ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿಕೊಳ್ಳಬಯಸುವ ಗ್ರಾಹಕರಂತೂ ಮೊದಲು ಕೇಳುವುದೇ ಹೀಗೆ. ಹಲವು ಭಾಗಗಳ ಮಟ್ಟಿಗೆ ಈ ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಚಾಲನೆಯ ವಿಷಯದಲ್ಲಿ ಅತ್ಯಂತ ಗಟ್ಟಿಯಾದದ್ದೇ ಅತ್ಯಂತ ಸೂಕ್ತವಾದದ್ದು ಎಂದು ಭಾವಿಸುವಂತಿಲ್ಲ. ಹಾಗೆ ಭಾವಿಸಿ ಮಾಡಿದ ಆಯ್ಕೆಯಿಂದ ಕೆಲವು ಸಾವಿರ ರೂಪಾಯಿಗಳ ಒಂದು ಭಾಗ ಲಕ್ಷಾಂತರ ರೂಪಾಯಿ ಬೆಲೆಯ ಎಂಜಿನ್ನನ್ನೇ ಹಾಳುಮಾಡಬಹುದು.

ಚೈನು, ಹಲ್ಲುಬೆಲ್ಟು, ಗೇರು ಎಂಬ ಮೂರು ಬಗೆಯ ಚಾಲನೆಗಳು ಯಾವ ತತ್ತ್ವದ ಮೇಲೆ ನಿಂತಿವೆ, ಹೆಚ್ಚಿನ ವೇಗದ ಎಂಜಿನ್ನಿಗೆ ಯಾವುದನ್ನು ಯಾವಾಗ ಆರಿಸಬೇಕು, ಇವನ್ನು ಮಾರುವವರೂ ತಯಾರಿಸುವವರೂ ಯಾವ ಎಚ್ಚರ ವಹಿಸಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕೆಲಸದ ಸ್ವರೂಪ

ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಹೀರುವುದು, ಒತ್ತುವುದು, ಉರಿಯುವುದು, ಹೊರದೂಡುವುದು ಎಂಬ ನಾಲ್ಕು ಹಂತಗಳು ಕ್ರ್ಯಾಂಕ್‌ಶಾಫ್ಟಿನ ಎರಡು ಸುತ್ತುಗಳಲ್ಲಿ ಮುಗಿಯುತ್ತವೆ. ಈ ಎರಡು ಸುತ್ತುಗಳಲ್ಲಿ ಪ್ರತಿಯೊಂದು ವಾಲ್ವು ಒಮ್ಮೆ ಮಾತ್ರ ತೆರೆಯಬೇಕು. ಆದ್ದರಿಂದ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಕ್ರ್ಯಾಂಕಿನ ಸ್ಪ್ರಾಕೆಟ್ಟಿಗೆ 21 ಹಲ್ಲುಗಳಿದ್ದರೆ ಕ್ಯಾಮಿನ ಸ್ಪ್ರಾಕೆಟ್ಟಿಗೆ 42 ಹಲ್ಲುಗಳಿರುವುದು ಈ ಕಾರಣದಿಂದಲೇ. ಈ ಎರಡು ಶಾಫ್ಟುಗಳ ನಡುವಿನ ಹೊಂದಾಣಿಕೆ ಒಂದೆರಡು ಡಿಗ್ರಿಗಳಷ್ಟೂ ತಪ್ಪದಂತೆ ಕಾಯುವುದು ಟೈಮಿಂಗ್ ಚಾಲನೆಯ ಕೆಲಸ.

ನಮ್ಮ ಓದುಗರಿಗೆ ಈ ಮೂರೂ ಬಗೆಗಳು ಪರಿಚಿತವಾಗಿಯೇ ಇವೆ. ಹೊಲಗಳಲ್ಲಿ ನೀರೆತ್ತುವ ಕಿರ್ಲೋಸ್ಕರ್ ಡೀಸೆಲ್ ಎಂಜಿನ್ನಿನಲ್ಲಿಯೂ ಹಳೆಯ ಬುಲೆಟ್ ಮೋಟಾರ್‌ಸೈಕಲ್ಲಿನಲ್ಲಿಯೂ ಇರುವುದು ಗೇರು. ಹಳೆಯ ಪೆಟ್ರೋಲ್ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿದ್ದುದು ಚೈನು. ಮಾರುತಿ 800ರಲ್ಲಿದ್ದುದು ಬೆಲ್ಟು. 2018ರಲ್ಲಿ ಬಂದ ರಾಯಲ್ ಎನ್‌ಫೀಲ್ಡಿನ 650 ಸಿಸಿ ಎಂಜಿನ್ನಿನಲ್ಲಿ ಮತ್ತೆ ಚೈನನ್ನೇ ಕಾಣುತ್ತೇವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಹಾಗೂ ಯೆಜ್ಡಿ ಬೈಕುಗಳದು ಎರಡು ಸ್ಟ್ರೋಕ್ ಎಂಜಿನ್ನು; ಅವಕ್ಕೆ ಕ್ಯಾಮ್‌ಶಾಫ್ಟೂ ಇಲ್ಲ, ಈ ಚಿಂತೆಯೂ ಇಲ್ಲ.

ಚಾಲನೆ ಕೈಕೊಟ್ಟರೆ ಆಗುವುದೇನು? ಇಂದಿನ ಬಹುತೇಕ ಹೆಚ್ಚಿನ ಶಕ್ತಿಯ ಎಂಜಿನ್ನುಗಳಲ್ಲಿ ತೆರೆದ ವಾಲ್ವು ಇಳಿದು ಬರುವ ಜಾಗಕ್ಕೇ ಪಿಸ್ಟನ್ನೂ ಏರಿ ಬರುತ್ತದೆ. ಇಬ್ಬರು ಒಂದೇ ಕುರ್ಚಿಯನ್ನು ಸರದಿಯಂತೆ ಬಳಸಿದ ಹಾಗೆ. ಸರದಿ ತಪ್ಪಿದರೆ ವಾಲ್ವು ಬಾಗುತ್ತದೆ, ಪಿಸ್ಟನ್ನಿನ ತಲೆ ಒಡೆಯುತ್ತದೆ, ಒಮ್ಮೊಮ್ಮೆ ಸಿಲಿಂಡರ್ ಹೆಡ್ಡು ಸಹ ಹೋಗುತ್ತದೆ. ಸರದಿ ಪೂರ್ತಿ ತಪ್ಪದೆ ಸ್ವಲ್ಪ ಹಿಂದೆ ಬಿದ್ದರೂ ನಷ್ಟವುಂಟು. ಕ್ಯಾಮು ತಡವಾದಂತೆ ಎಂಜಿನ್ನಿನ ಎಳೆತ ಮೇಲಿನ ವೇಗದ ಕಡೆಗೆ ಸರಿದು, ಕೆಳಗಿನ ವೇಗದಲ್ಲಿ ಬಲ ಕುಂದುತ್ತದೆ.

ಚಾಲನೆ ಹೊರಬೇಕಾದ ಭಾರ

ನಿಮಿಷಕ್ಕೆ 6,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ವಾಲ್ವು ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚುತ್ತದೆ. ಪ್ರತಿಬಾರಿ ತೆರೆಯುವಾಗ ಕ್ಯಾಮು ಬಿಗಿಯಾದ ಸ್ಪ್ರಿಂಗನ್ನು ಒತ್ತಬೇಕು; ಆಗ ಚಾಲನೆಯ ಮೇಲೆ ಎಳೆತ ಬೀಳುತ್ತದೆ. ಮುಚ್ಚುವಾಗ ಅದೇ ಸ್ಪ್ರಿಂಗು ಕ್ಯಾಮನ್ನು ಮುಂದಕ್ಕೆ ತಳ್ಳುತ್ತದೆ. ಆಗ ಎಳೆತ ಹೋಗಿ ತಳ್ಳಾಟ ಬರುತ್ತದೆ. ಹೀಗೆ ಕ್ಯಾಮಿನ ಕಡೆಯಿಂದ ಬರುವ ಭಾರ ಒಂದೇ ಸಮನೆ ಇರದೆ, ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಿರುತ್ತದೆ. ಹೆಚ್ಚು ವೇಗಕ್ಕಾಗಿ ಇನ್ನೂ ಬಿಗಿಯಾದ ಸ್ಪ್ರಿಂಗುಗಳನ್ನು ಹಾಕಿದಾಗ ಈ ಬಡಿತವೂ ಅಷ್ಟೇ ಹೆಚ್ಚುತ್ತದೆ.

ಇನ್ನೊಂದು ಕಡೆಯಿಂದ ಕ್ರ್ಯಾಂಕ್‌ಶಾಫ್ಟೂ ನೆಟ್ಟಗೆ ತಿರುಗುವುದಿಲ್ಲ. ಪ್ರತಿಯೊಂದು ಸಿಲಿಂಡರಿನ ಸ್ಫೋಟದೊಡನೆ ಅದು ಒಂದಿಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಈ ತಿರುಚು ಕಂಪನ ಚಾಲನೆಯ ಮೂಲಕ ಕ್ಯಾಮಿಗೆ ತಲುಪಿದರೆ ವಾಲ್ವುಗಳ ಚಲನೆಯೂ ಅಸ್ಥಿರವಾಗುತ್ತದೆ. ಆದ್ದರಿಂದ ಟೈಮಿಂಗ್ ಚಾಲನೆಗೆ ಎರಡು ಗುಣಗಳು ಒಟ್ಟಿಗೇ ಬೇಕು: ಹೊಂದಾಣಿಕೆ ತಪ್ಪದಷ್ಟು ಬಿಗಿ, ಬಡಿತವನ್ನು ನುಂಗುವಷ್ಟು ಮೃದುತ್ವ. ಮೂರು ಬಗೆಗಳ ನಡುವಿನ ವ್ಯತ್ಯಾಸವೆಲ್ಲ ಈ ಎರಡು ಗುಣಗಳನ್ನು ಅವು ಎಷ್ಟೆಷ್ಟು ಪ್ರಮಾಣದಲ್ಲಿ ಹೊಂದಿವೆ ಎಂಬುದರಲ್ಲಿದೆ.

ಚೈನು

ಹ್ಯಾನ್ಸ್ ರೆನೋಲ್ಡ್ 1880ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಬುಶ್-ರೋಲರ್ ಚೈನೇ ಇಂದಿನ ರೋಲರ್ ಟೈಮಿಂಗ್ ಚೈನುಗಳ ಮೂಲ. ಎಣ್ಣೆಯಲ್ಲಿ ತೊಯ್ದು ಓಡುವ ಚೈನು ಹೆಚ್ಚಿನ ಭಾರ ಹೊರುತ್ತದೆ, ಕಡಿಮೆ ಅಗಲದಲ್ಲಿ ಕೂರುತ್ತದೆ, ಸರಿಯಾದ ಎಣ್ಣೆ ಸಿಕ್ಕರೆ ಬಹುಕಾಲ ಬಾಳುತ್ತದೆ.

ಚೈನಿನ ಮುಖ್ಯ ದೋಷ ಉದ್ದವಾಗುವುದು. ಕಬ್ಬಿಣ ಹಿಗ್ಗುವುದರಿಂದ ಹೀಗಾಗುತ್ತದೆಂದು ಹಲವರ ತಿಳಿವಳಿಕೆ. ನಿಜದಲ್ಲಿ ಪ್ರತಿಯೊಂದು ಕೊಂಡಿಯ ಪಿನ್ನು ಮತ್ತು ಬುಶ್‌ಗಳು ಸವೆದು, ಆ ಸವೆತಗಳೆಲ್ಲ ಕೂಡಿ ಚೈನು ಉದ್ದವಾಗುತ್ತದೆ. ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಚೈನಿನ ಪಿಚ್ಚು 9.525 ಮಿ.ಮೀ., ಅಂದರೆ ಮೂರೆಂಟು ಇಂಚು ಇರಲಿ. 42 ಹಲ್ಲುಗಳ ಕ್ಯಾಮ್ ಸ್ಪ್ರಾಕೆಟ್ಟಿನ ಸುತ್ತಳತೆ ಸುಮಾರು 400 ಮಿ.ಮೀ. ಆಗುತ್ತದೆ. ಸಿಲಿಂಡರ್ ಹೆಡ್ಡಿನ ಮೇಲೆ ಕ್ಯಾಮು ಇರುವ ಎಂಜಿನ್ನಿನಲ್ಲಿ ಬಿಗಿಯಾದ ಬದಿಯ ಚೈನಿನ ಉದ್ದವೂ 400 ಮಿ.ಮೀ. ಇದೆಯೆಂದುಕೊಳ್ಳೋಣ. ಚೈನು ನೂರಕ್ಕೆ ಅರ್ಧದಷ್ಟು ಸವೆದರೆ ಈ ಬದಿ 2 ಮಿ.ಮೀ. ಉದ್ದವಾಗುತ್ತದೆ. ಆಗ ಕ್ಯಾಮು 1.8 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 3.6 ಡಿಗ್ರಿ ಹಿಂದೆ ಬೀಳುತ್ತದೆ. ಟೆನ್ಷನರು ಸಡಿಲು ಬದಿಯನ್ನು ಬಿಗಿಮಾಡಬಲ್ಲದೇ ಹೊರತು ಈ ತಡವನ್ನು ಸರಿಪಡಿಸಲಾರದು.

ಅಮೆರಿಕದ ಷೆವರ್ಲೆ ಕಂಪನಿ 1955ರಲ್ಲಿ ತಂದ ಸ್ಮಾಲ್ ಬ್ಲಾಕ್ ವಿ-8 ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟು ಬ್ಲಾಕಿನೊಳಗೇ ಇದೆ. ಎರಡು ಶಾಫ್ಟುಗಳ ಕೇಂದ್ರಗಳ ನಡುವಿನ ಅಂತರ ಸುಮಾರು 115 ಮಿ.ಮೀ. ಮಾತ್ರ. ಇಲ್ಲಿ ಚೈನಿನ ಬಿಗಿ ಬದಿ ಗಿಡ್ಡ. ಅದೇ ಪ್ರಮಾಣದ ಸವೆತದಿಂದ ಆಗುವ ತಡವೂ ಕಡಿಮೆ. ಇಂತಹ ಎಂಜಿನ್ನುಗಳ ಶಕ್ತಿ ಹೆಚ್ಚಿಸುವವರು ಜೋಡಿಸಾಲಿನ ರೋಲರ್ ಚೈನನ್ನೇ ಬಹಳವಾಗಿ ನೆಚ್ಚಿರುವುದಕ್ಕೆ ಇದು ಒಂದು ಕಾರಣ. ಹಳೆಯ ಅಮೆರಿಕನ್ ವಿ-8 ಎಂಜಿನ್ನುಗಳಲ್ಲಿ ಸದ್ದು ತಗ್ಗಿಸಲೆಂದು ಅಲ್ಯೂಮಿನಿಯಂ ಸ್ಪ್ರಾಕೆಟ್ಟಿನ ಮೇಲೆ ನೈಲಾನ್ ಹಲ್ಲುಗಳನ್ನು ಕೂರಿಸುತ್ತಿದ್ದರು. ವಯಸ್ಸಾದಂತೆ ಅವು ಕಾಯ್ದು ಬಿರಿದು ಎಣ್ಣೆಯ ತೊಟ್ಟಿಗೆ ಬೀಳುತ್ತಿದ್ದವು. ಚೂರುಗಳು ಎಣ್ಣೆಪಂಪಿನ ಜಾಲರಿಯನ್ನು ಕಟ್ಟಿ ಬೇರಿಂಗುಗಳಿಗೂ ಅಪಾಯ ತರುತ್ತಿದ್ದವು. ಅಂತಹ ಎಂಜಿನ್ನಿಗೆ ಉಕ್ಕಿನ ಸ್ಪ್ರಾಕೆಟ್ಟು ಹಾಕುವುದು ನಿಜಕ್ಕೂ ಉತ್ತಮವಾದ ಬದಲಾವಣೆ.

ಹಾಗೆಂದು ಜೋಡಿಚೈನು ಎಲ್ಲ ಕಡೆಯೂ ಲಾಭವೆನ್ನುವಂತಿಲ್ಲ. ಮೇಲೆ ಹೇಳಿದ ಪಿಚ್ಚಿನ ಒಂಟಿಚೈನು ಮೀಟರಿಗೆ ಸುಮಾರು 0.41 ಕಿ.ಗ್ರಾಂ, ಜೋಡಿಚೈನು ಸುಮಾರು 0.78 ಕಿ.ಗ್ರಾಂ ತೂಗುತ್ತದೆ. 21 ಹಲ್ಲಿನ ಸ್ಪ್ರಾಕೆಟ್ಟು ನಿಮಿಷಕ್ಕೆ 7,000 ಸುತ್ತು ತಿರುಗಿದಾಗ ಚೈನು ಸೆಕೆಂಡಿಗೆ 23 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಆಗ ಚೈನು ತನ್ನ ತೂಕದಿಂದಲೇ ತನ್ನ ಮೇಲೆ ಹೇರಿಕೊಳ್ಳುವ ಎಳೆತ ಒಂಟಿಚೈನಿನಲ್ಲಿ ಸುಮಾರು 23 ಕಿಲೊ, ಜೋಡಿಚೈನಿನಲ್ಲಿ ಸುಮಾರು 43 ಕಿಲೊ ತೂಕದಷ್ಟಾಗುತ್ತದೆ. ವೇಗ ಇಮ್ಮಡಿಯಾದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ. ಅಂದರೆ ಹೆಚ್ಚಿನ ಗಟ್ಟಿತನದ ಒಂದು ಪಾಲು ತನ್ನನ್ನು ತಾನೇ ಹೊರುವುದಕ್ಕೆ ವೆಚ್ಚವಾಗುತ್ತದೆ.

ಬೆಲ್ಟು

ಹಲ್ಲುಬೆಲ್ಟಿನಿಂದ ಕ್ಯಾಮ್‌ಶಾಫ್ಟು ತಿರುಗಿಸಿದ ಮೊದಲ ಭಾರಿ ಪ್ರಮಾಣದ ಕಾರೆಂದರೆ ಪಶ್ಚಿಮ ಜರ್ಮನಿಯಲ್ಲಿ 1962ರಲ್ಲಿ ಉತ್ಪಾದನೆಗೆ ಬಂದ ಗ್ಲಾಸ್ 1004. ಬೆಲ್ಟು ಹಗುರ, ಸದ್ದು ಕಡಿಮೆ, ಎಣ್ಣೆ ಬೇಡ. ಒಳಗಿರುವ ಗಾಜಿನ ನಾರಿನ ಎಳೆಗಳು ಉದ್ದವಾಗದಂತೆ ಹಿಡಿದಿಡುತ್ತವೆ. ಹೊರಗಿನ ರಬ್ಬರು ಕ್ರ್ಯಾಂಕಿನ ತಿರುಚು ಕಂಪನವನ್ನು ನುಂಗಿಕೊಳ್ಳುತ್ತದೆ. ಈ ಕಡೆಯ ಗುಣಕ್ಕಾಗಿಯೇ ಅಮೆರಿಕದ ಓಟದ ವಿ-8 ಎಂಜಿನ್ನುಗಳಲ್ಲಿ ಒಣಬೆಲ್ಟಿನ ಚಾಲನೆ ಬಳಕೆಗೆ ಬಂದಿತು. ಮುಚ್ಚಳದೊಳಗಿನ ಎಣ್ಣೆಗೆ ಸಂಬಂಧವಿಲ್ಲದೆ ಹೊರಗೇ ಇರುವುದರಿಂದ ಕ್ಯಾಮಿನ ಟೈಮಿಂಗನ್ನು ಬೇಗ ಬದಲಿಸಿ ನೋಡುವ ಅನುಕೂಲವೂ ಅದರಲ್ಲಿದೆ. ರಬ್ಬರು ಮೃದುವಾದ್ದರಿಂದ ಬೆಲ್ಟು ಓಟಕ್ಕೆ ಆಗದು ಎಂಬ ನಂಬಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಬೆಲ್ಟಿನ ದೋಷ ಅದರ ಆಯುಸ್ಸು. ಶಾಖ, ಧೂಳು, ಸೋರಿದ ಎಣ್ಣೆ, ಕೂಲೆಂಟ್ ಇವೆಲ್ಲ ಅದಕ್ಕೆ ಶತ್ರುಗಳು. ಚೈನು ಸವೆದಾಗ ಬಹುಮಟ್ಟಿಗೆ ಸದ್ದುಮಾಡಿ ತಿಳಿಸುತ್ತದೆ. ಬೆಲ್ಟು ಯಾವ ಸೂಚನೆಯನ್ನೂ ಕೊಡದೆ ಹಲ್ಲು ಕಳಚಿಕೊಳ್ಳಬಹುದು. ಆದ್ದರಿಂದ ಬೆಲ್ಟಿಗೆ ಕಿಲೊಮೀಟರಿನ ಮಿತಿ ಇರುವಂತೆ ವರ್ಷದ ಮಿತಿಯೂ ಇದೆ. ಓಡದೆ ನಿಂತ ವಾಹನದ ಬೆಲ್ಟೂ ಮುದಿಯಾಗುತ್ತದೆ ಎಂಬುದನ್ನು ಗ್ರಾಹಕರು ಮರೆಯುತ್ತಾರೆ. ಗೋದಾಮಿನಲ್ಲಿ ವರ್ಷಗಟ್ಟಲೆ ಇದ್ದ ಬೆಲ್ಟೂ ಹಾಗೆಯೇ ಎಂಬುದನ್ನು ವ್ಯಾಪಾರಿಗಳು ಮರೆಯಬಾರದು.

ಎಣ್ಣೆಯಲ್ಲಿಯೇ ಓಡುವ ಬೆಲ್ಟುಗಳೂ ಬಂದವು. 2012ರಲ್ಲಿ ಯೂರೋಪಿನಲ್ಲಿ ಬಂದ ಫೋರ್ಡಿನ 1.0 ಲೀಟರಿನ ಮೂರು ಸಿಲಿಂಡರ್ ಟರ್ಬೊ ಎಂಜಿನ್ನಿನಲ್ಲಿ ಇಂತಹ ಬೆಲ್ಟಿತ್ತು. ಮುಂದಿನ ಆವೃತ್ತಿಗಳಲ್ಲಿ ಕ್ಯಾಮಿನ ಚಾಲನೆಗೆ ಚೈನು ಬಂದಿತು. ಇಂತಹ ಬೆಲ್ಟಿಗೆ ಎಣ್ಣೆಯೂ ಚಾಲನೆಯ ಒಂದು ಭಾಗವೇ. ತಯಾರಕರು ಹೇಳಿದ ಮಟ್ಟದ ಎಣ್ಣೆ ಹಾಕದಿದ್ದರೆ ರಬ್ಬರು ಉಬ್ಬಿ, ಸುಲಿದು, ಅದರ ಚೂರುಗಳು ಎಣ್ಣೆಯ ದಾರಿಯನ್ನು ಮುಚ್ಚುತ್ತವೆ.

ಗೇರು

ಗೇರು ಉದ್ದವಾಗುವುದಿಲ್ಲ, ಜಾರುವುದಿಲ್ಲ. ಆದುದರಿಂದ ಟೈಮಿಂಗಿನ ನಿಖರತೆಯಲ್ಲಿ ಅದಕ್ಕೆ ಸಾಟಿಯಿಲ್ಲ. “ಇರುವುದರಲ್ಲಿ ಗಟ್ಟಿಯಾದದ್ದು” ಎಂದು ಕೇಳುವ ಗ್ರಾಹಕನ ಮನಸ್ಸಿನಲ್ಲಿ ಇರುವುದೂ ಬಹುಶಃ ಇದೇ. ಆದರೆ ಅದರ ಬಿಗಿಯೇ ಅದರ ತೊಡಕೂ ಆಗಬಲ್ಲದೆಂಬುದಕ್ಕೆ ಓಟದ ಎಂಜಿನ್ನುಗಳ ಇತಿಹಾಸದಲ್ಲಿ ಪ್ರಸಿದ್ಧವಾದ ನಿದರ್ಶನವೊಂದಿದೆ.

ಇಂಗ್ಲೆಂಡಿನ ಕಾಸ್ವರ್ತ್ ಕಂಪನಿಗಾಗಿ ಕೀತ್ ಡಕ್‌ವರ್ತ್ ವಿನ್ಯಾಸಗೊಳಿಸಿದ ಡಿಎಫ್‌ವಿ ಎಂಬ ಮೂರು ಲೀಟರಿನ ವಿ-8 ಎಂಜಿನ್ನು 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಮೊದಲ ಬಾರಿಗೆ ಓಟಕ್ಕಿಳಿಯಿತು. ಜಿಮ್ ಕ್ಲಾರ್ಕ್ ನಡೆಸಿದ ಲೋಟಸ್ 49 ಕಾರು ಆ ಓಟವನ್ನು ಗೆದ್ದಿತು. ನಿಮಿಷಕ್ಕೆ 9,000 ಸುತ್ತುಗಳಲ್ಲಿ ಸುಮಾರು 400 ಅಶ್ವಶಕ್ತಿ ನೀಡುತ್ತಿದ್ದ ಈ ಎಂಜಿನ್ನಿನ ನಾಲ್ಕು ಕ್ಯಾಮ್‌ಶಾಫ್ಟುಗಳನ್ನು ತಿರುಗಿಸಲು ಗೇರುಗಳ ಸಾಲನ್ನು ಬಳಸಲಾಗಿತ್ತು. ಗೆಲುವಿನ ಬೆನ್ನಿಗೇ ಬಂದ ತೊಂದರೆಯೆಂದರೆ ಆ ಗೇರುಗಳ ಹಲ್ಲುಗಳು ಮುರಿಯುವುದು. ಕ್ಯಾಮಿನ ಕಡೆಯಿಂದ ಹಿಂದುಮುಂದಾಗಿ ಬರುತ್ತಿದ್ದ ಬಡಿತವನ್ನು ಗೇರುಗಳು ಎಲ್ಲಿಯೂ ನುಂಗದೆ ಹಲ್ಲಿನಿಂದ ಹಲ್ಲಿಗೆ ದಾಟಿಸುತ್ತಿದ್ದವು.

ಹಲ್ಲುಗಳನ್ನು ಇನ್ನೂ ದಪ್ಪಮಾಡುವುದು ಸುಲಭವಾಗಿ ತೋಚುವ ಪರಿಹಾರ. ಕೊನೆಗೆ ನಿಂತ ಪರಿಹಾರ ಬೇರೆಯದೇ ಆಗಿತ್ತು. ಸಾಲಿನ ನಡುವಿನ ಒಂದು ಗೇರಿನ ಗುಂಬದಲ್ಲಿ ಸಣ್ಣ ಉಕ್ಕಿನ ಕಡ್ಡಿಗಳನ್ನು ಅಳವಡಿಸಿ, ಬಡಿತ ಬಂದಾಗ ಆ ಕಡ್ಡಿಗಳು ತುಸು ತಿರುಚಿಕೊಂಡು ಅದನ್ನು ನುಂಗುವಂತೆ ಡಕ್‌ವರ್ತ್ ಏರ್ಪಡಿಸಿದರು. ಅಂದರೆ ಗೇರಿಗೆ ಬೇಕಾದ ಮೃದುತ್ವವನ್ನು ಬೇರೆ ದಾರಿಯಿಂದ ಕೂಡಿಸಿದರು. ಈ ಎಂಜಿನ್ನು 1967ರಿಂದ 1983ರವರೆಗೆ 155 ಫಾರ್ಮುಲಾ ಒನ್ ಚಾಂಪಿಯನ್‌ಷಿಪ್ ಓಟಗಳನ್ನು ಗೆದ್ದಿತು.

ಗೇರಿನ ಚಾಲನೆಗೆ ಇನ್ನೂ ಕೆಲವು ಮಿತಿಗಳಿವೆ. ಎರಡೇ ಗೇರುಗಳನ್ನು ಕೂಡಿಸಿದರೆ ಕ್ಯಾಮು ಕ್ರ್ಯಾಂಕಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಚೈನಿನ ಎಂಜಿನ್ನಿಗೆ ಗೇರು ಹಾಕುವಾಗ ನಡುವೆ ಇನ್ನೊಂದು ಗೇರನ್ನು ಸೇರಿಸಲೇಬೇಕು. ಹಲ್ಲುಗಳ ನಡುವಿನ ಸಡಿಲು ಹೆಚ್ಚಾದರೆ ಬಡಿತ, ಕಡಿಮೆಯಾದರೆ ಶಾಖ ಮತ್ತು ಕೂಗು. ಅಲ್ಯೂಮಿನಿಯಂ ಕೇಸಿಂಗು ಕಾಯ್ದಾಗ ಉಕ್ಕಿನ ಗೇರುಗಳಿಗಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. 115 ಮಿ.ಮೀ. ಅಂತರದಲ್ಲಿ ಶಾಖ 80 ಡಿಗ್ರಿ ಏರಿದರೆ ಈ ವ್ಯತ್ಯಾಸ ಸುಮಾರು 0.1 ಮಿ.ಮೀ.ನಷ್ಟಾಗಿ, ತಣ್ಣಗಿರುವಾಗ ಸರಿಯಿದ್ದ ಹಲ್ಲುಗಳು ಬಿಸಿಯಲ್ಲಿ ಸಡಿಲಾಗುತ್ತವೆ. ಗೇರಿನ ಕೂಗನ್ನು ಮೆಚ್ಚಿ ಕೊಳ್ಳುವವರೂ ಇದ್ದಾರೆ. ಆದರೆ ನಾಕಿಂಗ್ ಪತ್ತೆಹಚ್ಚುವ ಸೆನ್ಸರುಳ್ಳ ಎಂಜಿನ್ನಿನಲ್ಲಿ ಈ ಕೂಗನ್ನೇ ನಾಕಿಂಗ್ ಎಂದು ತಿಳಿದು ಕಂಪ್ಯೂಟರು ಕಿಡಿಯನ್ನು ತಡಮಾಡುವ ಸಾಧ್ಯತೆಯಿದೆ. ಆಗ ಶಕ್ತಿಗೆಂದು ಹಾಕಿದ ಭಾಗವೇ ಶಕ್ತಿಯನ್ನು ಕಡಿಮೆ ಮಾಡಿದಂತಾಗುತ್ತದೆ.

ಎರಡು ಕಂಪನಿಗಳ ಅನುಭವ

ಇಟಲಿಯ ಡುಕಾಟಿ ಮೋಟಾರ್‌ಸೈಕಲ್ಲುಗಳಲ್ಲಿ ಒಂದು ಕಾಲಕ್ಕೆ ನಿಲುವಾದ ಶಾಫ್ಟು ಮತ್ತು ಬೆವೆಲ್ ಗೇರುಗಳಿಂದ ಕ್ಯಾಮು ತಿರುಗುತ್ತಿತ್ತು. ಜೋಡಿಸುವಾಗ ಪ್ರತಿಯೊಂದು ಗೇರನ್ನೂ ತೆಳು ಬಿಲ್ಲೆಗಳಿಂದ ಹೊಂದಿಸಬೇಕಾಗಿದ್ದ ಈ ಕ್ರಮ ನಿಖರವೇನೋ ಹೌದು, ದುಬಾರಿಯೂ ಹೌದು. 1979ರ ಪಂತಾ ಮಾದರಿಯಲ್ಲಿ ಅದೇ ವಿನ್ಯಾಸಕಾರ ಫಾಬಿಯೊ ಟಾಲಿಯೋನಿ ಹಲ್ಲುಬೆಲ್ಟನ್ನು ತಂದರು. ಬೆಲ್ಟಿನ ಡುಕಾಟಿಗಳು ಮುಂದೆ ವಿಶ್ವ ಸೂಪರ್‌ಬೈಕ್ ಪ್ರಶಸ್ತಿಗಳನ್ನು ಸಾಲುಸಾಲಾಗಿ ಗೆದ್ದವು. ಡುಕಾಟಿಯ ಈ ಎಂಜಿನ್ನುಗಳಲ್ಲಿ ವಾಲ್ವನ್ನು ಮುಚ್ಚುವುದು ಸ್ಪ್ರಿಂಗಲ್ಲ, ಇನ್ನೊಂದು ಕ್ಯಾಮು. ಆದ್ದರಿಂದ ಬೆಲ್ಟಿನ ಮೇಲೆ ಬೀಳುವ ಭಾರದ ಬಗೆಯೂ ಬೇರೆ ಎಂಬುದನ್ನು ಇಲ್ಲಿ ನೆನೆಯಬೇಕು. 2012ರಲ್ಲಿ ಮಾರುಕಟ್ಟೆಗೆ ಬಂದ 1199 ಪಾನಿಗಾಲೆಯಲ್ಲಿ ಬೆಲ್ಟು ಹೋಗಿ ಚೈನು ಮತ್ತು ಗೇರುಗಳ ಕೂಡುಚಾಲನೆ ಬಂದಿತು. 112 ಮಿ.ಮೀ. ಅಗಲದ ಸಿಲಿಂಡರುಗಳ ಆ ಎಂಜಿನ್ನಿನಲ್ಲಿ ಇಕ್ಕಟ್ಟಾದ ಜಾಗಕ್ಕೆ ಅದು ಹೊಂದುತ್ತಿತ್ತು.

ಜಪಾನಿನ ಹೋಂಡಾ ಕಂಪನಿಯ ವಿಎಫ್‌ಆರ್ ಮೋಟಾರ್‌ಸೈಕಲ್ಲುಗಳು 1986ರಿಂದ ಗೇರಿನ ಚಾಲನೆಗೆ ಹೆಸರಾಗಿದ್ದವು. 2002ರ ವಿಎಫ್‌ಆರ್ 800ರಲ್ಲಿ ಅದೇ ಕಂಪನಿ ಚೈನಿಗೆ ಬಂದಿತು. ಗೇರನ್ನು ಮಾಡಬಲ್ಲ ಸಾಮರ್ಥ್ಯವಿದ್ದ ಕಂಪನಿಯೇ ಅದನ್ನು ಬಿಟ್ಟಿದ್ದನ್ನೂ, ಬೆಲ್ಟಿನಿಂದ ಗೆದ್ದ ಕಂಪನಿಯೇ ಚೈನಿಗೆ ಸಾಗಿದ್ದನ್ನೂ ಕಂಡರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮೂರು ಬಗೆಗಳಲ್ಲಿ ಮೇಲು ಕೀಳೆಂಬ ಶಾಶ್ವತವಾದ ಕ್ರಮವಿಲ್ಲ. ಎಂಜಿನ್ನು ಬದಲಾದಂತೆ ಉತ್ತರವೂ ಬದಲಾಗುತ್ತದೆ.

ಆಯ್ಕೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಗ್ರಾಹಕನು ಭಾಗದ ಹೆಸರು ಹೇಳುವ ಮೊದಲು ಮಾರಾಟಗಾರನು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು.

ಮೊದಲನೆಯದು, ಎಂಜಿನ್ನು ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ತಿರುಗುತ್ತದೆ? ರಸ್ತೆಯ ವಾಹನ ಮೇಲಿನ ವೇಗವನ್ನು ಮುಟ್ಟುವುದು ಅಪರೂಪ. ಅದಕ್ಕೆ ಮೂಲ ತಯಾರಕರ ಮಟ್ಟದ ಒಳ್ಳೆಯ ಚೈನು ಅಥವಾ ಬೆಲ್ಟು ಸಾಕು. ಗಂಟೆಗಟ್ಟಲೆ ಮೇಲಿನ ವೇಗದಲ್ಲಿ ನಡೆಯುವ ರ‍್ಯಾಲಿ ಎಂಜಿನ್ನಿನ ಮಾತು ಬೇರೆ.

ಎರಡನೆಯದು, ಕ್ಯಾಮು ಮತ್ತು ವಾಲ್ವ್ ಸ್ಪ್ರಿಂಗು ಬದಲಾಗಿವೆಯೇ? ಇವು ಮೂಲದವೇ ಆಗಿದ್ದರೆ ಚಾಲನೆಯ ಮೇಲಿನ ಭಾರವೂ ಮೂಲದ್ದೇ. ಚಾಲನೆಯನ್ನು ಮಾತ್ರ ಗಟ್ಟಿಮಾಡುವುದರಿಂದ ಒಂದು ಅಶ್ವಶಕ್ತಿಯೂ ಹೆಚ್ಚುವುದಿಲ್ಲ. ಹೆಚ್ಚಿನ ಶಕ್ತಿ ಬರುವುದು ಕ್ಯಾಮಿನಿಂದ, ಗಾಳಿಯ ಹರಿವಿನಿಂದ. ಚಾಲನೆ ಅದನ್ನು ಕಾಯುತ್ತದೆ, ಅಷ್ಟೆ.

ಮೂರನೆಯದು, ಬ್ಲಾಕಿನ ಮೇಲೆ ಯಂತ್ರಗೆಲಸ ನಡೆದಿದೆಯೇ? ಕ್ರ್ಯಾಂಕಿನ ಮುಖ್ಯ ಬೇರಿಂಗುಗಳ ರಂಧ್ರಗಳನ್ನು ಸಾಲಿಗೆ ಕೊರೆದು ಸರಿಪಡಿಸಿದ್ದರೆ ಕ್ರ್ಯಾಂಕು ಒಂದಿಷ್ಟು ಮೇಲೇರಿ, ಎರಡು ಶಾಫ್ಟುಗಳ ಅಂತರ ತಗ್ಗುತ್ತದೆ. ಆಗ ಹೊಸ ಚೈನೂ ಸಡಿಲಾಗಿಯೇ ಕೂರುತ್ತದೆ. ಇದಕ್ಕಾಗಿಯೇ ಅಮೆರಿಕದ ವಿ-8 ಎಂಜಿನ್ನುಗಳಿಗೆ 5 ಹಾಗೂ 10 ಸಾವಿರಾಂಶ ಇಂಚು ಕಡಿಮೆ ಅಂತರಕ್ಕೆ ಹೊಂದುವ ಚೈನಿನ ಸೆಟ್ಟುಗಳು ದೊರೆಯುತ್ತವೆ.

ನಾಲ್ಕನೆಯದು, ಇದನ್ನು ಯಾರು, ಎಷ್ಟು ಕಾಲಕ್ಕೊಮ್ಮೆ ತೆರೆದು ನೋಡುತ್ತಾರೆ? ಪ್ರತಿ ಓಟದ ನಂತರ ಎಂಜಿನ್ನು ಬಿಚ್ಚುವ ತಂಡಕ್ಕೆ ಬೆಲ್ಟು ಅನುಕೂಲ. ಎಣ್ಣೆ ಬದಲಿಸುವುದನ್ನೂ ಮುಂದೂಡುವ ಗ್ರಾಹಕನಿಗೆ ಚೈನೂ ಕ್ಷೇಮವಲ್ಲ. ಮಸಿಗೂಡಿದ ಎಣ್ಣೆ ಪಿನ್ನು ಬುಶ್‌ಗಳನ್ನು ಮರಳುಕಾಗದದಂತೆ ತಿಕ್ಕುತ್ತದೆ.

ಈ ಉತ್ತರಗಳನ್ನು ಕೂಡಿಸಿ ನೋಡಿದರೆ ಸ್ಥೂಲವಾಗಿ ಹೀಗೆ ಹೇಳಬಹುದು. ಬ್ಲಾಕಿನೊಳಗೆ ಕ್ಯಾಮು ಇರುವ, ಶಕ್ತಿ ಹೆಚ್ಚಿಸಿದ ರಸ್ತೆಯ ಎಂಜಿನ್ನಿಗೆ ಉಕ್ಕಿನ ಸ್ಪ್ರಾಕೆಟ್ಟುಗಳುಳ್ಳ ಒಳ್ಳೆಯ ಜೋಡಿ ರೋಲರ್ ಚೈನು. ಹೆಡ್ಡಿನ ಮೇಲೆ ಕ್ಯಾಮು ಇರುವ ಎಂಜಿನ್ನಿಗೆ ಮೂಲ ವಿನ್ಯಾಸದ ಚೈನು ಅಥವಾ ಬೆಲ್ಟು, ಜೊತೆಗೆ ಹೊಸ ಟೆನ್ಷನರು ಮತ್ತು ಗೈಡುಗಳು. ಕಂಪನವೇ ಮುಖ್ಯ ಸಮಸ್ಯೆಯಾಗಿರುವ, ಪದೇಪದೇ ಪರೀಕ್ಷಿಸಲಾಗುವ ಓಟದ ಎಂಜಿನ್ನಿಗೆ ಒಣಬೆಲ್ಟು. ಮೊದಲಿನಿಂದಲೂ ಗೇರಿಗಾಗಿಯೇ ವಿನ್ಯಾಸಗೊಂಡ ಎಂಜಿನ್ನಿಗೆ ಗೇರು.

ಸಣ್ಣ ತಯಾರಕರಿಗೆ

ಪೀಣ್ಯ, ಬೆಳಗಾವಿಗಳಂತಹ ಕಡೆಗಳಲ್ಲಿ ಗೇರು ಕಡಿಯುವ, ನಿಖರ ಯಂತ್ರಗೆಲಸ ಮಾಡುವ ಸಣ್ಣ ಘಟಕಗಳಿವೆ. ಸ್ಪ್ರಾಕೆಟ್ಟು, ಬೆಲ್ಟಿನ ಪುಲ್ಲಿ, ಟೈಮಿಂಗ್ ಗೇರುಗಳ ತಯಾರಿಕೆ ಇಂತಹ ಘಟಕಗಳ ಕೈಗೆಟುಕುವ ಕೆಲಸ. ಆದರೆ ಇಲ್ಲಿ ಹಲ್ಲಿನ ಆಕಾರದಷ್ಟೇ ಮುಖ್ಯವಾದ ಇನ್ನೆರಡು ಅಳತೆಗಳನ್ನು ಕಡೆಗಣಿಸುವುದುಂಟು. ಮೊದಲನೆಯದು ರಂಧ್ರದ ಕೇಂದ್ರಕ್ಕೂ ಹಲ್ಲುಗಳ ವೃತ್ತದ ಕೇಂದ್ರಕ್ಕೂ ಇರುವ ಹೊಂದಿಕೆ. ಇದು ತಪ್ಪಿದರೆ ಚೈನು ಪ್ರತಿ ಸುತ್ತಿನಲ್ಲಿಯೂ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲಾಗುತ್ತದೆ. ಎರಡನೆಯದು ಹಲ್ಲಿಗೂ ಕೀಲಿಯ ಗಾಡಿಗೂ ಇರುವ ಕೋನ. 42 ಹಲ್ಲುಗಳ ಸ್ಪ್ರಾಕೆಟ್ಟಿನಲ್ಲಿ ಈ ಕೋನ ಒಂದು ಡಿಗ್ರಿ ತಪ್ಪಿದರೆ ಟೈಮಿಂಗು ಕ್ರ್ಯಾಂಕಿನ ಲೆಕ್ಕದಲ್ಲಿ ಎರಡು ಡಿಗ್ರಿ ತಪ್ಪುತ್ತದೆ. ಭಾಗ ನೋಡಲು ಎಷ್ಟೇ ಅಂದವಾಗಿದ್ದರೂ ಈ ದೋಷ ಕಣ್ಣಿಗೆ ಕಾಣದು. ಎಂಜಿನ್ನಿಗೆ ಮಾತ್ರ ತಿಳಿಯುತ್ತದೆ.

ಕ್ರ್ಯಾಂಕಿನ ಚಿಕ್ಕ ಸ್ಪ್ರಾಕೆಟ್ಟಿನ ಪ್ರತಿಯೊಂದು ಹಲ್ಲಿಗೂ ದೊಡ್ಡದರ ಹಲ್ಲಿಗಿಂತ ಎರಡು ಪಟ್ಟು ಹೆಚ್ಚು ಬಾರಿ ಚೈನು ತಗಲುತ್ತದೆ. ಆದ್ದರಿಂದ ಅದರ ಹಲ್ಲುಗಳನ್ನು ಇಂಡಕ್ಷನ್ ಕ್ರಮದಿಂದ ಗಡಸುಗೊಳಿಸುವುದರಲ್ಲಿ ಉಳಿತಾಯ ಮಾಡಬಾರದು. ಹಲ್ಲುಗಳ ಸಂಖ್ಯೆಯನ್ನು ಜಾಗ ಉಳಿಸಲೆಂದು ತೀರ ಕಡಿಮೆ ಮಾಡುವುದೂ ಸಲ್ಲದು. ಚೈನು ಸ್ಪ್ರಾಕೆಟ್ಟಿನ ಮೇಲೆ ವೃತ್ತವಾಗಿ ಕೂರದೆ ಬಹುಭುಜವಾಗಿ ಕೂರುವುದರಿಂದ ಅದರ ವೇಗ ಏರಿಳಿಯುತ್ತದೆ. 21 ಹಲ್ಲುಗಳಲ್ಲಿ ಈ ಏರಿಳಿತ ನೂರಕ್ಕೆ 1.1 ಮಾತ್ರ, 11 ಹಲ್ಲುಗಳಲ್ಲಿ ಅದು ನೂರಕ್ಕೆ 4ರಷ್ಟಾಗುತ್ತದೆ.

ವ್ಯಾಪಾರಿಗಳಿಗೆ

ಟೈಮಿಂಗ್ ಚಾಲನೆಯನ್ನು ಬಿಡಿಯಾಗಿ ಮಾರುವುದಕ್ಕಿಂತ ಸೆಟ್ಟಾಗಿ ಮಾರುವುದು ಇಬ್ಬರಿಗೂ ಹಿತ. ಸವೆದ ಸ್ಪ್ರಾಕೆಟ್ಟಿನ ಮೇಲೆ ಹಾಕಿದ ಹೊಸ ಚೈನು ಬೇಗ ಸವೆಯುತ್ತದೆ. ಹಳೆಯ ಟೆನ್ಷನರ್ ಬೇರಿಂಗು ಹಿಡಿದುಕೊಂಡರೆ ಹೊಸ ಬೆಲ್ಟೂ ಹರಿಯುತ್ತದೆ. ಬೆಲ್ಟಿನಿಂದ ನೀರಿನ ಪಂಪೂ ತಿರುಗುವ ಎಂಜಿನ್ನಿನಲ್ಲಿ ಅದನ್ನೂ ಅದೇ ಸಲ ಬದಲಿಸುವಂತೆ ಹೇಳುವುದು ದುಡ್ಡು ಕೀಳುವ ಮಾತಾಗದು. ಪೊಟ್ಟಣದ ಮೇಲಿನ ತಯಾರಿಕೆಯ ದಿನಾಂಕ ನೋಡಿ, ಹಳೆಯ ಬೆಲ್ಟುಗಳನ್ನು ಬಿಸಿಲು ತಾಗದಂತೆ, ಮಡಿಕೆ ಬೀಳದಂತೆ ಇರಿಸಿ, ಮೊದಲು ಬಂದದ್ದನ್ನು ಮೊದಲು ಮಾರಬೇಕು. ಬೆಲ್ಟನ್ನು ಗಟ್ಟಿತನ ತೋರಿಸಲೆಂದು ಗ್ರಾಹಕನ ಮುಂದೆ ಮಡಿಸುವ, ಒಳಹೊರಗು ತಿರುವುವ ಅಭ್ಯಾಸ ಕೂಡದು. ಒಳಗಿನ ಗಾಜಿನ ನಾರು ಮುರಿದರೆ ಹೊರಗೆ ಕಾಣುವುದಿಲ್ಲ.

‘ಡಬಲ್ ರೋಲರ್’ ಎಂಬ ಚೀಟಿಯನ್ನೂ ಪರೀಕ್ಷಿಸಿ ನಂಬಬೇಕು. ನಿಜವಾದ ರೋಲರ್ ಚೈನಿನಲ್ಲಿ ಬುಶ್‌ನ ಮೇಲಿನ ಉರುಳೆ ಬೆರಳಿಗೆ ಸಿಕ್ಕಿ ತಿರುಗುತ್ತದೆ. ತಿರುಗದಿದ್ದರೆ ಅದು ಬರಿಯ ಬುಶ್ ಚೈನು. ಅದನ್ನು ಅದರ ಹೆಸರಿನಲ್ಲಿ, ಅದರ ಬೆಲೆಗೆ ಮಾರುವುದರಲ್ಲಿ ತಪ್ಪಿಲ್ಲ. ಬೇರೆ ಹೆಸರಿನಲ್ಲಿ ಮಾರುವುದು ತಪ್ಪು.

ಇದರಲ್ಲಿ ಕಾನೂನಿನ ವಿಚಾರವೂ ಅಡಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂದಾಗಿನಿಂದ ಉತ್ಪನ್ನದ ಹೊಣೆ ತಯಾರಕರಿಗೆ ಮಾತ್ರ ಸೀಮಿತವಾಗಿಲ್ಲ. ತಯಾರಕರು ಕೊಟ್ಟ ಎಚ್ಚರಿಕೆ, ಬಳಕೆಯ ಸೂಚನೆಗಳನ್ನು ಗ್ರಾಹಕನಿಗೆ ತಲುಪಿಸದೆ ಹಾನಿಯಾದರೆ ಮಾರಾಟಗಾರನೂ ಹೊಣೆಯಾಗಬಹುದು. ತಯಾರಕರು ನೀಡದ ಭರವಸೆಯನ್ನು ಅಂಗಡಿಯವರೇ ನೀಡಿದರೆ ಆ ಭರವಸೆಗೂ ಅವರೇ ಬಾಧ್ಯರು. “ಇದನ್ನು ಹಾಕಿದರೆ ಇನ್ನು ನೋಡುವ ಹಾಗೇ ಇಲ್ಲ” ಎಂಬ ಒಂದು ಮಾತು ಮಾರಾಟವನ್ನು ಬೇಗ ಮುಗಿಸೀತು, ಮುಂದೆ ದುಬಾರಿಯೂ ಆದೀತು. ಬಿಲ್ಲಿನ ಮೇಲೆ ಎಂಜಿನ್ನಿನ ಮಾದರಿ, ಭಾಗದ ಸಂಖ್ಯೆ, ಬದಲಿಸಬೇಕಾದ ಕಿಲೊಮೀಟರು ಹಾಗೂ ವರ್ಷದ ಮಿತಿಯನ್ನು ಬರೆದುಕೊಟ್ಟರೆ ಗ್ರಾಹಕನಿಗೂ ನೆನಪು, ವ್ಯಾಪಾರಿಗೂ ರಕ್ಷೆ. ಆ ಮಿತಿ ಮುಗಿದಾಗ ಗ್ರಾಹಕ ಮರಳಿ ಬರುವುದೂ ಅದೇ ಅಂಗಡಿಗೆ.

ವಿದ್ಯುತ್ ವಾಹನಗಳಿಗೆ ಕ್ಯಾಮ್‌ಶಾಫ್ಟಿಲ್ಲವಾದರೂ ಈಗಾಗಲೇ ರಸ್ತೆಯಲ್ಲಿ, ಹೊಲದಲ್ಲಿ ದುಡಿಯುತ್ತಿರುವ ಎಂಜಿನ್ನುಗಳಿಗೆ ಇನ್ನೂ ಹಲವು ವರ್ಷ ಈ ಭಾಗಗಳು ಬೇಕಾಗುತ್ತವೆ. ಡಿಎಫ್‌ವಿ ಎಂಜಿನ್ನನ್ನು ಉಳಿಸಿದ್ದು ಮುರಿಯದ ಹಲ್ಲಲ್ಲ, ತುಸು ಬಳುಕಿದ ಸಣ್ಣ ಕಡ್ಡಿ. “ಗಟ್ಟಿಯಾದದ್ದು ಕೊಡಿ” ಎಂದು ಮುಂದೆ ಯಾರಾದರೂ ಕೇಳಿದಾಗ “ಯಾವ ಎಂಜಿನ್ನಿಗೆ, ಯಾವ ಕೆಲಸಕ್ಕೆ?” ಎಂದು ತಿರುಗಿ ಕೇಳುವ ವ್ಯಾಪಾರಿ ಗ್ರಾಹಕನ ಎಂಜಿನ್ನನ್ನೂ ತನ್ನ ಹೆಸರನ್ನೂ ಒಟ್ಟಿಗೆ ಉಳಿಸಿಕೊಳ್ಳುತ್ತಾನೆ.